ಯೂರೋವಿಷನ್‌ಗೆ ಹೋಗುವ ಹಾಡುಗಾರರನ್ನು ಆರಿಸಬೇಕಾದವರು ಯಾರು? ಜನವಾ, ಟೀವಿಯವರಾ?

ಯೋತೆಬೊರಿ_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಯುರೋಪಿನ ದೇಶಗಳ ನಡುವೆ ವರ್ಷವರ್ಷ ನಡೆಯುವ ಹಾಡಿನ ಸ್ಪರ್ಧೆ ಯೂರೋವಿಷನ್, 2025ರದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮುಗಿದು ವಾರ ಕಳೆಯಿತು, ನಮ್ಮ ಮನೆಯ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಅದಕ್ಕೇ ಇಲ್ಲಿ ತಂದು ಹಾಕುತ್ತಿದ್ದೇನೆ.

ನಾನು ಸ್ವೀಡನ್ನಿಗೆ ಬಂದು ಒಂಬತ್ತು ವರ್ಷ. ಇಲ್ಲಿ ಫೆಬ್ರವರಿ ಬಂತು ಅಂದರೆ ಆರು ಶನಿವಾರ ಯಾರೂ ಯಾರನ್ನೂ ಊಟಕ್ಕೆ ಕರೆಯುವುದಿಲ್ಲ, ಕರೆದರೂ ಟೀವಿ ಮುಂದೆಯೇ ತಟ್ಟೆ. ಕಾರಣ ಮೆಲೊಡಿಫೆಸ್ಟಿವಾಲೆನ್, ಬಾಯಿಮಾತಿನಲ್ಲಿ ಮೆಲ್ಲೊ. ಸ್ವೀಡನ್ ಕಡೆಯಿಂದ ಯೂರೋವಿಷನ್‌ಗೆ ಯಾರು ಹೋಗಬೇಕು ಅಂತ ಆರಿಸುವ ಸ್ಪರ್ಧೆ. ಎಸ್‌ವಿಟಿ ಅನ್ನುವ ಸಾರ್ವಜನಿಕ ಟೀವಿ ಇದನ್ನು ನಡೆಸುತ್ತದೆ. 1959ರಿಂದ ಇದೆ, 2002ರಿಂದ ನಾಟಕ ಕಂಪನಿಯ ಹಾಗೆ ಊರೂರು ಸುತ್ತುತ್ತಿದೆ. ಈ ವರ್ಷ ಲೂಲಿಯೊದಲ್ಲಿ ಶುರು, ಆಮೇಲೆ ನಮ್ಮ ಯೋತೆಬೊರಿ (ನಮ್ಮವರು ಗೋಥೆನ್‌ಬರ್ಗ್ ಅನ್ನುವುದು ಇದನ್ನೇ), ವೆಸ್ತೆರೋಸ್, ಮಾಲ್ಮೊ, ಯೆನ್‌ಶೋಪಿಂಗ್, ಕೊನೆಗೆ ಸ್ಟಾಕ್‌ಹೋಮ್. ಐದು ಸುತ್ತು, ಸುತ್ತಿಗೆ ಆರು ಹಾಡು. ಪ್ರತಿ ಸುತ್ತಿನಿಂದ ಇಬ್ಬರು ನೇರ ಫೈನಲ್‌ಗೆ. ಮೂರನೆಯವರಿಗೆ ಇನ್ನೊಂದು ಅವಕಾಶ ಕೊಟ್ಟು, ಒಟ್ಟು 12 ಹಾಡು ಫೈನಲ್‌ನಲ್ಲಿ.

ವೋಟು ಮೊಬೈಲ್ ಆ್ಯಪ್‌ನಲ್ಲಿ. ಕಾಸಿಲ್ಲ. ಹೃದಯದ ಚಿತ್ರ ಒತ್ತಬೇಕು, ಒಂದು ಹಾಡಿಗೆ ಐದು ಸಲ. ಮಜಾ ಇರುವುದು ಎಣಿಕೆಯಲ್ಲಿ. 2019ರಿಂದ ವಯಸ್ಸಿನ ಪ್ರಕಾರ ಏಳು ಗುಂಪು ಮಾಡಿದ್ದಾರೆ. 3ರಿಂದ 9 ವರ್ಷದವರದು ಒಂದು, 75 ದಾಟಿದವರದು ಒಂದು, ನಡುವೆ ಐದು. ಫೋನ್ ಮಾಡುವವರೆಲ್ಲ ಎಂಟನೇ ಗುಂಪು. ನನ್ನ ಮಗಳಿಗೆ ಎಂಟು ವರ್ಷ. ಅವಳ ಗುಂಪು ತನ್ನ ಮೊದಲ ಆಯ್ಕೆಗೆ ಕೊಡುವ 12 ಅಂಕಕ್ಕೂ ಪಕ್ಕದ ಮನೆ ಅಜ್ಜಿಯ ಗುಂಪು ಕೊಡುವ 12 ಅಂಕಕ್ಕೂ ಒಂದೇ ಬೆಲೆ. ಫೈನಲ್‌ನಲ್ಲಿ ಮಾತ್ರ ಅಂಕಗಳಲ್ಲಿ ಅರ್ಧ ಪಾಲು ಬೇರೆ ದೇಶಗಳ ತೀರ್ಪುಗಾರರ ಕೈಯಲ್ಲಿ.

ಈಗ ಜಗಳಕ್ಕೆ ಬರೋಣ. 2015ರಲ್ಲಿ ಯೂರೋವಿಷನ್ ಗೆದ್ದಿದ್ದ ಮೋನ್ಸ್ ಸೆಲ್ಮೆರ್ಲೋವ್ ಈ ಸಲ ಮೆಲ್ಲೊಗೆ ಮತ್ತೆ ಬಂದಿದ್ದ. ನನ್ನ ಹೆಂಡತಿ ಅವನ ಕಡೆ. ಮಗಳು ಕಾಯ್ ಅನ್ನುವ ಮೂವರ ತಂಡದ ಕಡೆ. ಸೌನಾ ಅನ್ನುವ ಬಿಸಿ ಹಬೆಯ ಸ್ನಾನದ ಮೇಲೆ ತಮಾಷೆಯ ಹಾಡು, ಬಕೆಟ್ಟು, ಹೊಗೆ, ಟವೆಲ್ಲು ಎಲ್ಲ ಇದೆ. ಗೆಲ್ಲುವುದು ಮೋನ್ಸೇ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಗೆದ್ದದ್ದು ಕಾಯ್. ಬಾಸೆಲ್‌ಗೆ ಹೋಗುವಾಗ ಬಾಜಿ ಕಟ್ಟುವವರ ಪಟ್ಟಿಯಲ್ಲಿ ಅವರೇ ಮೊದಲು, ಬಂದದ್ದು ನಾಲ್ಕನೇ ಸ್ಥಾನ. ಹೆಂಡತಿ ಹೇಳುವುದು, ತಿಳಿದವರು ನಾಲ್ಕು ಜನ ಕೂತು ಆರಿಸಿದ್ದರೆ ಮೋನ್ಸ್ ಹೋಗಿ ಗೆದ್ದು ಬರುತ್ತಿದ್ದ ಅಂತ. ಮಗಳು ಹೇಳುವುದು, ನಾನು ಐದು ಹೃದಯ ಒತ್ತಿದ್ದು ಸುಮ್ನೇನಾ ಅಂತ.

ನೀವು ಯಾರ ಕಡೆ?


ಸುಮ್ನೆ_ಓದುವವಳು

ಮಗಳ ಕಡೆ.


ತಾಳ_ತಪ್ಪಿದವ

ಇದು ಹಾಡಿನ ಸ್ಪರ್ಧೆಯೋ ಬಾಣಬಿರುಸಿನ ಸ್ಪರ್ಧೆಯೋ ನನಗೆ ಇವತ್ತಿನವರೆಗೂ ತಿಳಿದಿಲ್ಲ. ಮೂರೇ ನಿಮಿಷದ ಹಾಡಂತೆ. ನಮ್ಮ ಕಡೆ ತಂಬೂರಿ ಶ್ರುತಿ ಮಾಡಿ ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ಮೂರು ನಿಮಿಷ ಆಗಿರುತ್ತದೆ. ಮೂರು ವರ್ಷದ ಮಗು ತೀರ್ಪುಗಾರ ಅಂದರೆ ಏನು ಹೇಳುವುದು? ನಾನು ಮೂವತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವನು. ಮಕ್ಕಳಿಗೆ ಯಾವುದು ಇಷ್ಟ ಅಂತ ಕೇಳಿ ಪಾಠ ಶುರು ಮಾಡಿದ್ದರೆ ಸರಳೆ ವರಸೆಯನ್ನೇ ದಾಟುತ್ತಿರಲಿಲ್ಲ.


ಮಲೆನಾಡು_ಮಳೆ

ಮೇಷ್ಟ್ರೇ, ಮೂರು ನಿಮಿಷ, ವೇದಿಕೆಯ ಮೇಲೆ ಆರೇ ಜನ, ಮುಖ್ಯ ದನಿ ಅಲ್ಲೇ ನಿಂತು ಹಾಡಲೇಬೇಕು. ಈ ಕಟ್ಟುಪಾಡಿನ ಒಳಗೇ ಎಲ್ಲ ಆಟ. ಹಿಂದಿನ ದನಿಗಳನ್ನು ಮೊದಲೇ ರೆಕಾರ್ಡ್ ಮಾಡಿ ಹಾಕಲು 2021ರಿಂದ ಬಿಟ್ಟಿದ್ದಾರೆ, ಅದು ನನಗೂ ಹಿಡಿಸುವುದಿಲ್ಲ.

ನಾನು ಬೆಂಗಳೂರಿನಲ್ಲಿ ಕೂತು ರಾತ್ರಿ 12:30ಕ್ಕೆ ನೋಡುವ ಹುಚ್ಚಿ. ಅಮ್ಮ ಎದ್ದು ಬಂದು, ಇನ್ನೂ ಮಲಗಿಲ್ವೇನೇ ಅಂತ ಬೈದು ಹೋಗುತ್ತಾರೆ. 2023ರಿಂದ ನಮಗೂ ವೋಟು ಇದೆ, ಗೊತ್ತಾ? ಸ್ಪರ್ಧೆಯಲ್ಲಿ ಇಲ್ಲದ ಎಲ್ಲ ದೇಶಗಳ ವೋಟನ್ನೂ ಒಟ್ಟು ಹಾಕಿ ಒಂದು ದೇಶದ ಲೆಕ್ಕ ಹಿಡಿಯುತ್ತಾರೆ. ಆನ್‌ಲೈನ್‌ನಲ್ಲಿ ಕಾರ್ಡಿನಿಂದ ದುಡ್ಡು ಕಟ್ಟಬೇಕು. ಬಡಪಾಯಿ ನನ್ನ ಕಾರ್ಡು ಎರಡು ಸಲ ರಿಜೆಕ್ಟ್ ಆಗಿ ಮೂರನೇ ಸಲ ತಗೊಂಡಿತು.

ನಿಮ್ಮ ಪ್ರಶ್ನೆಗೆ ಬಂದರೆ, ಎಲ್ಲರಿಗೂ ಮೊದಲು ಗೊತ್ತಿರಬೇಕಾದ ಒಂದು ಸಂಗತಿ. ಹಾಡುಗಾರರನ್ನು ಕಳಿಸುವುದು ಸರ್ಕಾರ ಅಲ್ಲ, ಆಯಾ ದೇಶದ ಟೀವಿ ಸಂಸ್ಥೆ. ಹೇಗೆ ಆರಿಸಬೇಕು ಅನ್ನುವುದಕ್ಕೆ ಮೇಲಿನಿಂದ ನಿಯಮವೇ ಇಲ್ಲ. ಜನರ ಕೈಗೆ ಕೊಡಬಹುದು, ಕೋಣೆಯಲ್ಲಿ ಕೂತು ಫೋನ್ ಮಾಡಿ, ಬರ್ತೀರಾ ಅಂತ ಕೇಳಬಹುದು. ಹಾಡುಗಾರರು ಆ ದೇಶದವರೇ ಆಗಬೇಕು ಅಂತಲೂ ಇಲ್ಲ. 1988ರಲ್ಲಿ ಸ್ವಿಟ್ಜರ್ಲೆಂಡಿಗೆ ಗೆದ್ದುಕೊಟ್ಟ ಸೆಲೀನ್ ಡಿಯಾನ್ ಕೆನಡಾದವರು. ಅದೂ ಒಂದೇ ಒಂದು ಅಂಕದಿಂದ, ಬ್ರಿಟನ್ ಮೇಲೆ.


ರೀಡಿಂಗ್_ರಾಯರು

ಆ ಒಂದು ಅಂಕದ ನೋವು ನಮ್ಮ ಬೀದಿಯ ಹಿರಿಯರಿಗೆ ಇನ್ನೂ ಹೋಗಿಲ್ಲ, ಯಾಕೆ ನೆನಪಿಸುತ್ತೀರಿ.

ಯೋತೆಬೊರಿಯವರೇ, ನಿಮ್ಮ ಮನೆಯವರಿಗೆ ಹೇಳಿ, ನಾಲ್ಕು ಜನ ತಿಳಿದವರು ಕೂತು ಆರಿಸಿದರೆ ಏನಾಗುತ್ತದೆ ಅಂತ ನೋಡಲು ಒಮ್ಮೆ ಇಂಗ್ಲೆಂಡಿಗೆ ಬನ್ನಿ ಅಂತ. ಇಲ್ಲಿ 2016ರಿಂದ 2019ರವರೆಗೆ ಬಿಬಿಸಿ ಜನರ ಕೈಗೆ ಕೊಟ್ಟಿತ್ತು. 2019ರಲ್ಲಿ ಆರಿಸಿ ಕಳಿಸಿದವರು ಟೆಲ್ ಅವಿವ್‌ನಲ್ಲಿ ಕಟ್ಟಕಡೆಯ 26ನೇ ಸ್ಥಾನ. ಸರಿ, ಜನ ಬೇಡ ಅಂತ ಬಿಬಿಸಿ ತಾನೇ ಆರಿಸಿತು. 2021ರಲ್ಲಿ ಜೇಮ್ಸ್ ನ್ಯೂಮನ್ ಹೋದರು. ತೀರ್ಪುಗಾರರಿಂದ ಸೊನ್ನೆ, ಜನರಿಂದ ಸೊನ್ನೆ. ಆ ರಾತ್ರಿ ಅವರು ಎದ್ದು ನಿಂತು ನಗುತ್ತಾ ಕೈ ಎತ್ತಿದರು, ಇಡೀ ಸಭಾಂಗಣ ಎದ್ದು ಚಪ್ಪಾಳೆ ಹೊಡೆಯಿತು. ನನಗಂತೂ ಕಣ್ಣಲ್ಲಿ ನೀರು.

ಮುಂದಿನ ವರ್ಷ ಅದೇ ಬಿಬಿಸಿ, ಅದೇ ಕೋಣೆಯೊಳಗಿನ ಆಯ್ಕೆ. ಲಾಕ್‌ಡೌನ್‌ನಲ್ಲಿ ಟಿಕ್‌ಟಾಕ್‌ನಲ್ಲಿ ಹಾಡಿ ಹೆಸರು ಮಾಡಿದ್ದ ಸ್ಯಾಮ್ ರೈಡರ್ 466 ಅಂಕ ತಂದು ಎರಡನೇ ಸ್ಥಾನ. ಅಬ್ಬಾ ಅಂತೂ ಗುಟ್ಟು ಸಿಕ್ಕಿತು ಅಂದುಕೊಂಡೆವು. 2023ರಲ್ಲಿ 25ನೇ ಸ್ಥಾನ. 2024ರಲ್ಲಿ ಜನರಿಂದ ಸೊನ್ನೆ. ಮೊನ್ನೆ ಬಾಸೆಲ್‌ನಲ್ಲಿ ಮೂವರು ಹುಡುಗಿಯರು ಎಷ್ಟು ಚೆನ್ನಾಗಿ ಹಾಡಿದರು, ತೀರ್ಪುಗಾರರು 88 ಅಂಕ ಕೊಟ್ಟರು, ಜನರಿಂದ ಮತ್ತೆ ಸೊನ್ನೆ. ಗುಟ್ಟೂ ಇಲ್ಲ, ಗಿಟ್ಟೂ ಇಲ್ಲ.


ಮೆಲ್ಬರ್ನ್_ಮಂಡ್ಯ

ರಾಯರೇ ನಿಮಗಾದರೂ ಫೈನಲ್ ಖಾತ್ರಿ. ದುಡ್ಡು ಜಾಸ್ತಿ ಹಾಕುವ ಐದು ದೇಶ, ಸೆಮಿಫೈನಲ್ ಆಡುವ ತಾಪತ್ರಯ ಇಲ್ಲ. ನಾವು ಆಸ್ಟ್ರೇಲಿಯಾದವರು ಬೆಳಗಿನ ಜಾವ ಐದಕ್ಕೆ ಎದ್ದು ಕಾಫಿ ಕುಡಿದು ಕೂತರೆ ಫೈನಲ್‌ನಲ್ಲಿ ನಮ್ಮವರೇ ಇರಲಿಲ್ಲ.

2015ರಲ್ಲಿ ಯೂರೋವಿಷನ್‌ಗೆ ಅರವತ್ತು ತುಂಬಿದ ಸಂಭ್ರಮಕ್ಕೆ ಒಂದು ಸಲ ಬನ್ನಿ ಅಂತ ಕರೆದರು, ನೆಂಟರ ಮನೆಗೆ ಹಬ್ಬಕ್ಕೆ ಹೋದವರು ಅಲ್ಲೇ ಉಳಿದ ಹಾಗೆ ನಾವು ಉಳಿದುಬಿಟ್ಟೆವು. ಇಲ್ಲೂ ಮೊದಲು ಟೀವಿಯವರೇ ಆರಿಸಿದರು, 2019, 2020, 2022ರಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ ಸ್ಪರ್ಧೆ ಇಟ್ಟು ಜನರನ್ನು ಕೇಳಿದರು, ಆಮೇಲೆ ಮತ್ತೆ ತಾವೇ ಆರಿಸುತ್ತಿದ್ದಾರೆ. ನಮಗೆ ಬಂದ ಅತ್ಯುತ್ತಮ ಸ್ಥಾನ 2016ರ ಎರಡನೆಯದು, ದಾಮಿ ಇಮ್. ಅವರನ್ನು ಆರಿಸಿದ್ದು ಟೀವಿಯವರೇ. ಇದರಿಂದ ಏನು ಸಾಬೀತಾಯಿತು ಅಂತ ಕೇಳಬೇಡಿ.


ಹ್ಯಾಂಬರ್ಗಿನ_ಹುಬ್ಬಳ್ಳಿಯವ

ನಮ್ಮ ಜರ್ಮನಿಯ ಕಥೆ ಕೇಳಿ ಅಣ್ಣಾರ, ಎಲ್ಲಕ್ಕಿಂತ ಭಾರೀ.

2015. ಹ್ಯಾನೋವರ್‌ನಲ್ಲಿ ಆಯ್ಕೆಯ ಫೈನಲ್, ನೇರ ಪ್ರಸಾರ. ಕೊನೆಗೆ ಇಬ್ಬರು ಉಳಿದರು. ಆಂದ್ರೆಯಾಸ್ ಕುಮ್ಮರ್ಟ್ ಅಂತ ಗಡ್ಡದ ಮನುಷ್ಯ, ಎಂಥಾ ದನಿ ಅಂತೀರಿ, ಮುಕ್ಕಾಲು ಪಾಲಿಗಿಂತ ಜಾಸ್ತಿ ವೋಟು ಅವನಿಗೇ ಬಿತ್ತು. ನಿರೂಪಕಿ ಹೆಸರು ಕೂಗಿದಳು. ಈ ಮನುಷ್ಯ ಮೈಕ್ ತಗೊಂಡು, ನನಗೆ ಇದು ಒಲ್ಲೆ, ಎರಡನೇ ಸ್ಥಾನದವಳು ಹೋಗಲಿ ಅಂದುಬಿಟ್ಟ. ನೇರ ಪ್ರಸಾರದಲ್ಲಿ! ಸಭೆಯಲ್ಲಿ ಕೂಗಾಟ. ಎರಡನೆಯವಳು ಆನ್ ಸೋಫಿ, ಪಾಪ, ನಗಬೇಕೋ ಅಳಬೇಕೋ ಗೊತ್ತಾಗದೆ ನಿಂತಿದ್ದಳು, ನಾನು ಹೋಗಲಾ ಅಂತ ಜನರನ್ನೇ ಕೇಳುವ ಪರಿಸ್ಥಿತಿ. ವಿಯೆನ್ನಾಕ್ಕೆ ಹೋದಳು. ಸೊನ್ನೆ.

ಅವಳ ಹಾಡು ಅಷ್ಟೇನೂ ಕೆಟ್ಟದ್ದಲ್ಲ. ಬ್ಯಾರೆಯವರ ಮದುವಿ ಮಂಟಪಕ್ಕೆ ಹೋಗಿ ನಿಂತ ಹಾಗಾಯಿತು ಅವಳ ಪಾಡು. ಜನ ವೋಟು ಹಾಕಿ ಆರಿಸಬಹುದು, ಆದರೆ ಆ ಮನುಷ್ಯನಿಗೆ ಹೋಗುವ ಮನಸ್ಸು ಇದೆಯಾ ಅಂತ ಯಾರೂ ಕೇಳಿರಲಿಲ್ಲ ನೋಡಿ.

ಇದೇ ಜರ್ಮನಿ 2010ರಲ್ಲಿ ಎರಡು ಟೀವಿ ಸಂಸ್ಥೆ ಒಟ್ಟಾಗಿ, ವಾರಗಟ್ಟಲೆ ಹುಡುಕಿ, ಹೆಸರೇ ಕೇಳದ ಲೇನಾ ಅನ್ನುವ ಹುಡುಗಿಯನ್ನು ಆರಿಸಿತ್ತು. ಆಕೆ ಓಸ್ಲೋದಲ್ಲಿ ಗೆದ್ದಳು. ಆಗಲೂ ಜನರ ವೋಟೇ.


ತಾಳ_ತಪ್ಪಿದವ

ಕುಮ್ಮರ್ಟ್ ಮಹಾಶಯರಿಗೆ ನನ್ನ ನಮಸ್ಕಾರ. ವೇದಿಕೆ ಮೇಲೆ ನಿಂತು ಬೇಡ ಅನ್ನುವವನೇ ನಿಜವಾದ ಹಾಡುಗಾರ.


ಮಲೆನಾಡು_ಮಳೆ

ಹಾಗಾದರೆ ನೀವು ಇಟಲಿಯಲ್ಲಿ ಹುಟ್ಟಬೇಕಿತ್ತು ಮೇಷ್ಟ್ರೇ 😄

ಅಲ್ಲಿ ಸಾನ್‌ರೆಮೋ ಅನ್ನುವ ಸಮುದ್ರದಂಡೆ ಊರಿನಲ್ಲಿ 1951ರಿಂದ ಹಾಡಿನ ಉತ್ಸವ ನಡೆಯುತ್ತದೆ. ಯೂರೋವಿಷನ್‌ಗಿಂತ ಐದು ವರ್ಷ ಹಳೆಯದು, ಅದನ್ನು ನೋಡಿಯೇ ಯೂರೋವಿಷನ್ ಹುಟ್ಟಿದ್ದು. ಐದು ರಾತ್ರಿ, ನಡುರಾತ್ರಿ ದಾಟಿದರೂ ಮುಗಿಯುವುದಿಲ್ಲ, ನಮ್ಮ ಬಯಲಾಟದ ಹಾಗೆ. ಅಲ್ಲಿ ಗೆದ್ದವರಿಗೆ ಯೂರೋವಿಷನ್‌ಗೆ ಹೋಗುವ ಹಕ್ಕು ಸಿಗುತ್ತದೆ. ಬೇಡ ಅಂದರೆ ಬೇಡ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಈ ವರ್ಷ ಗೆದ್ದ ಓಲಿ ಹೋಗಲಿಲ್ಲ. ಎರಡನೆಯವರಾದ ಲೂಚೊ ಕೋರ್ಸಿ ಹೋಗಿ, ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಮೌತ್ ಆರ್ಗನ್ ನುಡಿಸಿ ಐದನೇ ಸ್ಥಾನ ತಂದರು. 2021ರಲ್ಲಿ ಮೋನೆಸ್ಕಿನ್ ತಂಡ ಸಾನ್‌ರೆಮೋ ಗೆದ್ದು ಅದೇ ವರ್ಷ ಯೂರೋವಿಷನ್ನೂ ಗೆದ್ದಿತು.

ಜರ್ಮನಿಯಲ್ಲೂ ಎರಡನೆಯವರೇ ಹೋದದ್ದು, ಇಟಲಿಯಲ್ಲೂ ಎರಡನೆಯವರೇ. ಒಂದು ಕಡೆ ಅವಮಾನ ಆಯಿತು, ಇನ್ನೊಂದು ಕಡೆ ಹಬ್ಬ. ಇಟಲಿಯವರಿಗೆ ಸಾನ್‌ರೆಮೋನೇ ದೊಡ್ಡದು, ಯೂರೋವಿಷನ್ ಬೋನಸ್ಸು.


ಯೋತೆಬೊರಿ_ಕನ್ನಡಿಗ

@ಮಲೆನಾಡು_ಮಳೆ ಅಕ್ಕ, ನೀವು ಕೊನೆಗೆ ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿದೆ. ಇಲ್ಲೂ ಹಾಗೇ. ಮೆಲ್ಲೊ ಅಂದರೆ ಆಯ್ಕೆಯ ಪರೀಕ್ಷೆ ಅಂತ ಇಲ್ಲಿ ಯಾರೂ ನೋಡುವುದಿಲ್ಲ, ಅದೇ ಒಂದು ಹಬ್ಬ. ಸೋತ ಹಾಡೂ ಮಾರನೇ ದಿನದಿಂದ ರೇಡಿಯೋದಲ್ಲಿ ಬರುತ್ತದೆ. ಅಂಗಡಿಯಲ್ಲಿ ಹಾಲು ತರಲು ಹೋದರೆ ಅದೇ, ಮಗಳ ಶಾಲೆಯಲ್ಲಿ ಅದೇ.

ಸೋತವರ ಪಟ್ಟಿ ನೋಡಿ. ಆಬ್ಬಾ ಅನ್ನುವ ಹೆಸರಾಂತ ಸ್ವೀಡಿಷ್ ತಂಡದವರು 1973ರಲ್ಲಿ ಇದೇ ಆಯ್ಕೆಗೆ ಬಂದು ಮೂರನೇ ಸ್ಥಾನಕ್ಕೆ ನಿಂತರು. ಆಗ ಆರಿಸುತ್ತಿದ್ದದ್ದು ಜನ ಅಲ್ಲ, ತಜ್ಞರ ಮಂಡಳಿ. ತಜ್ಞರು ಬೇಡ ಅಂದ ಹಾಡು ಸ್ವೀಡನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಮುಂದಿನ ವರ್ಷ ಮತ್ತೆ ಬಂದರು, ಗೆದ್ದರು, ಬ್ರೈಟನ್‌ಗೆ ಹೋಗಿ ಯೂರೋವಿಷನ್ನೂ ಗೆದ್ದರು. ಲೊರೀನ್ 2011ರಲ್ಲಿ ಫೈನಲ್‌ಗೂ ಬರಲಿಲ್ಲ, 2012ರಲ್ಲಿ ಬಾಕುವಿನಲ್ಲಿ ಗೆದ್ದರು, 2023ರಲ್ಲಿ ಇನ್ನೊಮ್ಮೆ ಗೆದ್ದರು. ಮೋನ್ಸ್ 2007ರಲ್ಲಿ ಮೂರನೇ, 2009ರಲ್ಲಿ ನಾಲ್ಕನೇ, 2015ರಲ್ಲಿ ಗೆಲುವು. ಮತ್ತೆ ಈ ಸಲ ಬಂದು ಎರಡನೇ ಸ್ಥಾನ.

ನಾನು ಮೊದಲ ಪೋಸ್ಟ್‌ನಲ್ಲಿ ಪ್ರಶ್ನೆಯನ್ನೇ ತಪ್ಪಾಗಿ ಕೇಳಿದೆ ಅನಿಸುತ್ತಿದೆ. ಆರಿಸುವವರು ಯಾರು ಅನ್ನುವುದಕ್ಕಿಂತ, ಆರಿಸಿಕೊಳ್ಳಲು ಬಂದು ನಿಲ್ಲುವವರು ಯಾರು ಅನ್ನುವುದು ದೊಡ್ಡದಲ್ವಾ? ಯೂರೋವಿಷನ್ ಗೆದ್ದವನೊಬ್ಬ ಹತ್ತು ವರ್ಷದ ಮೇಲೆ ಮತ್ತೆ ಬಂದು, ಬಕೆಟ್ ಹಿಡಿದ ಮೂವರ ಮುಂದೆ ಸೋಲುವ ಅಪಾಯ ತಗೊಳ್ಳುತ್ತಾನೆ ಅಂದರೆ ಅಲ್ಲಿ ಸೋಲಿಗೆ ಅಷ್ಟು ಕೆಟ್ಟ ಹೆಸರು ಇಲ್ಲ ಅಂತ ತಾನೆ?


ರೀಡಿಂಗ್_ರಾಯರು

ಇದು ಸರಿ. ಇಲ್ಲಿ ದೊಡ್ಡ ಹಾಡುಗಾರರು ಯಾಕೆ ಬರುವುದಿಲ್ಲ ಅಂದರೆ, ಬಂದು ಸೊನ್ನೆ ತಗೊಂಡರೆ ಮಾರನೇ ದಿನ ಪತ್ರಿಕೆಗಳು ಸುಲಿದು ಉಪ್ಪು ಹಚ್ಚುತ್ತವೆ. ಆಯ್ಕೆಯ ಸ್ಪರ್ಧೆ ಇಟ್ಟರೆ ಇನ್ನೂ ಕಷ್ಟ, ಬ್ರಿಟನ್ನಿನ ಒಳಗೇ ಸೋತವನು ಅನ್ನಿಸಿಕೊಳ್ಳಬೇಕು. ಯಾರಿಗೆ ಬೇಕು? ಹಾಗಾಗಿ ಬಿಬಿಸಿ ಗುಟ್ಟಾಗಿ ಫೋನ್ ಮಾಡುತ್ತದೆ. ಅದು ಅವರ ತಪ್ಪೂ ಅಲ್ಲ.

ಆದರೆ ಒಂದು ಮಾತು. ಸ್ವಿಟ್ಜರ್ಲೆಂಡಿನವರೂ ಕೋಣೆಯಲ್ಲೇ ಆರಿಸುತ್ತಾರೆ, ನೆಮೊ 2024ರಲ್ಲಿ ಗೆಲ್ಲಲಿಲ್ಲವೇ? ನೆದರ್ಲೆಂಡ್ಸ್ 2019ರಲ್ಲಿ ಡಂಕನ್ ಲಾರೆನ್ಸ್ ಅವರನ್ನು ಸುಮ್ನೆ ತಾನೇ ಆರಿಸಿ ಕಳಿಸಿ ಗೆದ್ದಿತು. ಸೋಲನ್ನು ಹಬ್ಬ ಮಾಡಿಕೊಳ್ಳದೆಯೂ ಗೆಲ್ಲಬಹುದು.


ಮಲೆನಾಡು_ಮಳೆ

ರಾಯರೇ, ಸ್ವಿಸ್‌ನವರದು ಪೂರ್ತಿ ಮುಚ್ಚಿದ ಕೋಣೆ ಅಲ್ಲ. 2019ರಿಂದ ಅಲ್ಲಿ ವೀಕ್ಷಕರ ಒಂದು ಮಂಡಳಿ, ಬೇರೆ ದೇಶದ ಸಂಗೀತ ತಜ್ಞರ ಇನ್ನೊಂದು ಮಂಡಳಿ, ಇಬ್ಬರೂ ಕೇಳಿ ಅಂಕ ಕೊಡುತ್ತಾರೆ. ಟೀವಿಯಲ್ಲಿ ತೋರಿಸುವುದಿಲ್ಲ ಅಷ್ಟೇ. ನನಗೆ ಅದು ಜಾಣತನ ಅನಿಸುತ್ತದೆ. ಸೋತವರ ಹೆಸರೇ ಹೊರಗೆ ಬರುವುದಿಲ್ಲ.

ಆದರೂ ಮೊನ್ನೆ ಬಾಸೆಲ್‌ನಲ್ಲಿ ತವರಿನಲ್ಲೇ ಹಾಡಿದ ಜೋಯಿ ಮೇ ಅವರಿಗೆ ತೀರ್ಪುಗಾರರು 214 ಅಂಕ ಕೊಟ್ಟರು, ಜನ ಸೊನ್ನೆ. ಆ ಕ್ಷಣದಲ್ಲಿ ಸಭಾಂಗಣ ಸ್ತಬ್ಧ. ಇಂಥ ಹೊತ್ತಲ್ಲಿ ಕ್ಯಾಮೆರಾ ಮುಖದ ಮೇಲೆ ಹಿಡಿಯುವುದು ಕ್ರೂರ ಅಲ್ವಾ? ಇದನ್ನು ಯಾವಾಗ ಬಿಡುತ್ತಾರೋ.


ಗಡಿನಾಡು_ಹುಡುಗ

ನಾನು ಹಾಡಿನ ವಿಚಾರಕ್ಕಿಂತ ಬೇರೆ ಒಂದು ಕೇಳಬೇಕು. ಕಾಯ್ ತಂಡದವರು ಸ್ವೀಡನ್ನಿನವರಲ್ಲವಂತೆ, ಫಿನ್ಲೆಂಡಿನವರಂತೆ, ನಿಜವಾ? ಮತ್ತೆ ಸ್ವೀಡನ್ ಪರವಾಗಿ ಹೇಗೆ?


ಯೋತೆಬೊರಿ_ಕನ್ನಡಿಗ

ನಿಜ ತಮ್ಮಾ. ಕೆವಿನ್, ಆಕ್ಸೆಲ್, ಯಾಕೊಬ್, ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿದರೆ ಕಾಯ್. ಫಿನ್ಲೆಂಡಿನ ಪಶ್ಚಿಮ ಕರಾವಳಿಯ ವೊರೊ ಅನ್ನುವ ಸಣ್ಣ ಊರಿನವರು. ಅಲ್ಲಿನ ಮನೆಮಾತು ಸ್ವೀಡಿಷ್. 1809ರವರೆಗೆ ಫಿನ್ಲೆಂಡ್ ಸ್ವೀಡನ್ನಿನ ಭಾಗವೇ ಆಗಿತ್ತು. ಈಗ ಆ ದೇಶದಲ್ಲಿ ಸ್ವೀಡಿಷ್ ಮಾತಾಡುವವರು ಶೇ 5ರಷ್ಟು. ಹಾಡಿದ್ದೂ ಪುಸ್ತಕದ ಸ್ವೀಡಿಷ್‌ನಲ್ಲಲ್ಲ, ಅವರ ಊರಿನ ಆಡುನುಡಿಯಲ್ಲಿ, ನಡುನಡುವೆ ಫಿನ್ನಿಷ್ ಪದ. ನನ್ನ ಆಫೀಸಿನ ಸ್ಟಾಕ್‌ಹೋಮ್ ಹುಡುಗನಿಗೆ ಒಂದೆರಡು ಸಾಲು ಅರ್ಥವೇ ಆಗಲಿಲ್ಲ, ನನಗೆ ಕೇಳುತ್ತಾನೆ ಏನು ಹೇಳಿದರು ಅಂತ. ನನಗೆ!

ಇನ್ನೊಂದು ವಿಷಯ. 1998ರ ಮೇಲೆ ಸ್ವೀಡನ್ ಕಳಿಸಿದ ಒಂದು ಹಾಡೂ ಸ್ವೀಡಿಷ್‌ನಲ್ಲಿ ಇರಲಿಲ್ಲ, ಎಲ್ಲ ಇಂಗ್ಲಿಷು. ಇಪ್ಪತ್ತೇಳು ವರ್ಷದ ಮೇಲೆ ಈ ಭಾಷೆಯನ್ನು ಆ ವೇದಿಕೆಗೆ ವಾಪಸ್ ತಂದವರು ಗಡಿಯಾಚೆಯವರು.


ಗಡಿನಾಡು_ಹುಡುಗ

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಕಾಸರಗೋಡಿನವ. 1956ರಲ್ಲಿ ನಮ್ಮ ಊರು ಕೇರಳಕ್ಕೆ ಹೋಯಿತು, ನಮ್ಮ ಮನೆಯಲ್ಲಿ ಕನ್ನಡ ಹೋಗಲಿಲ್ಲ. ಬೆಂಗಳೂರಿಗೆ ಬಂದರೆ, ನಿಮ್ಮ ಕನ್ನಡ ಚೆನ್ನಾಗಿದೆಯಲ್ಲ, ಎಲ್ಲಿ ಕಲಿತಿರಿ ಅಂತ ಕೇಳುತ್ತಾರೆ. ಕಲಿಯುವುದು ಏನು ಬಂತು.

ನಾಳೆ ಕರ್ನಾಟಕಕ್ಕೆ ಯಾವುದೋ ದೊಡ್ಡ ವೇದಿಕೆಯಲ್ಲಿ ಹಾಡಲು ಒಬ್ಬರನ್ನು ಕಳಿಸಬೇಕಾಗಿ ಬಂದು, ನಮ್ಮ ಕುಂಬಳೆಯ ಮೂವರು ಹುಡುಗರು ಊರ ಮಾತಿನಲ್ಲೇ ಹಾಡಿ, ಬೆಂಗಳೂರಿನ ಸ್ಟಾರ್ ಹಾಡುಗಾರನ ಎದುರು ನಿಂತರೆ ಜನ ವೋಟು ಹಾಕುತ್ತಾರಾ? ನನಗೆ ನಂಬಿಕೆ ಇಲ್ಲ. ಆದರೆ ಒಂದು ಗೊತ್ತು, ತಜ್ಞರ ಮಂಡಳಿ ಅಂತೂ ಆರಿಸುವುದಿಲ್ಲ. ಉಚ್ಚಾರ ಸರಿ ಇಲ್ಲ ಅನ್ನುತ್ತಾರೆ.

ನನ್ನ ಪೂರ್ತಿ ವೋಟು ನಿಮ್ಮ ಮಗಳಿಗೆ ಅಣ್ಣ.


ಸುಮ್ನೆ_ಓದುವವಳು

❤️❤️❤️❤️❤️ ಐದೂ ಒತ್ತಿದೆ.


ತಾಳ_ತಪ್ಪಿದವ

ಗಡಿನಾಡು ಹುಡುಗನ ಮಾತು ನನಗೆ ನಾಟಿತು. ಉಚ್ಚಾರ ಸರಿ ಇಲ್ಲ ಅಂತ ಮಕ್ಕಳನ್ನು ಕೂರಿಸಿದವನು ನಾನೂ ಹೌದು, ಒಪ್ಪುತ್ತೇನೆ.

ಆದರೂ ಕೇಳುತ್ತೇನೆ. ಭಾಷೆ ಅಷ್ಟು ಮುಖ್ಯ ಆದರೆ ಎಲ್ಲರೂ ಅವರವರ ಭಾಷೆಯಲ್ಲೇ ಹಾಡಬೇಕು ಅಂತ ನಿಯಮ ಮಾಡಬಹುದಲ್ಲ?


ಮಲೆನಾಡು_ಮಳೆ

ಮಾಡಿದ್ದರು ಮೇಷ್ಟ್ರೇ, ಎರಡು ಸಲ ಮಾಡಿ ಎರಡು ಸಲ ತೆಗೆದರು. 1965ರಲ್ಲಿ ಇದೇ ಸ್ವೀಡನ್ನಿನವರು ಇಂಗ್ಲಿಷಿನಲ್ಲಿ ಹಾಡಿದರು. ಅದನ್ನು ನೋಡಿ 1966ರಲ್ಲಿ ಅವರವರ ಭಾಷೆಯಲ್ಲೇ ಹಾಡಬೇಕು ಅಂತ ಬಂತು. 1973ರಲ್ಲಿ ತೆಗೆದರು. ಆ ಕಿಂಡಿಯಲ್ಲೇ ಆಬ್ಬಾದವರು 1974ರಲ್ಲಿ ಇಂಗ್ಲಿಷಿನಲ್ಲಿ ಹಾಡಿ ಗೆದ್ದದ್ದು. 1977ರಲ್ಲಿ ನಿಯಮ ವಾಪಸ್, 1999ರಿಂದ ಮತ್ತೆ ಬಿಡುಗಡೆ. ಬಿಟ್ಟ ಮೇಲೆ ಮುಕ್ಕಾಲು ಯುರೋಪ್ ಇಂಗ್ಲಿಷಿಗೆ ಓಡಿತು. ಈಗ ಈಗ ತಿರುಗಿ ಬರುತ್ತಿದ್ದಾರೆ. 2017ರಲ್ಲಿ ಪೋರ್ಚುಗಲ್ಲಿನ ಸಾಲ್ವದೋರ್ ಸೊಬ್ರಾಲ್ ಒಬ್ಬನೇ ನಿಂತು, ಹೊಗೆ ಇಲ್ಲ ಬೆಂಕಿ ಇಲ್ಲ, ಪೋರ್ಚುಗೀಸಿನಲ್ಲಿ ಹಾಡಿ 758 ಅಂಕ ತಗೊಂಡ. ಅದನ್ನು ಒಮ್ಮೆ ಕೇಳಿ, ನಿಮಗೆ ಹಿಡಿಸುತ್ತದೆ.

ಭಾಷೆಯ ಜಗಳ ಜೋರಾಗಿ ಆದದ್ದು ಅಂದರೆ ಸ್ಪೇನಿನಲ್ಲಿ, 2022. ಬೆನಿಡಾರ್ಮ್ ಫೆಸ್ಟ್ ಅಂತ ಹೊಸದಾಗಿ ಆಯ್ಕೆ ಶುರು ಮಾಡಿದರು. ತಾನ್‌ಶುಗೇರಾಸ್ ಅಂತ ಮೂವರು ಹೆಂಗಸರು, ಕೈಯಲ್ಲಿ ಹಳ್ಳಿಯ ತಮಟೆ, ಹಾಡು ಸ್ಪೇನಿನದೇ ಒಂದು ಸೀಮೆಯ ಗಲೀಸಿಯನ್ ಭಾಷೆಯಲ್ಲಿ. ಫೋನ್ ವೋಟಿನಲ್ಲಿ ಶೇ 70ರಷ್ಟು ಅವರಿಗೇ ಬಿತ್ತು. ಗೆದ್ದದ್ದು ಶೇ 4ರ ಆಸುಪಾಸು ವೋಟು ಪಡೆದ ಶನೆಲ್. ಹೇಗೆ? ಫೋನ್ ವೋಟಿಗೆ ಇದ್ದದ್ದು ಕಾಲು ಪಾಲು, ತಜ್ಞರಿಗೆ ಅರ್ಧ. ಇನ್ನೊಂದು ಕಾಲು ಪಾಲು ಟೀವಿಯವರು ಆರಿಸಿ ಕೂರಿಸಿದ ಜನರ ಗುಂಪಿಗೆ. ಅದಕ್ಕಿಂತ ದೊಡ್ಡ ಮೋಸ ಏನು ಗೊತ್ತಾ, ಮೊದಲ ಸ್ಥಾನಕ್ಕೆ ಇಷ್ಟು ಅಂಕ, ಎರಡನೆಯದಕ್ಕೆ ಇಷ್ಟು ಅಂತ ಮೊದಲೇ ಗೊತ್ತುಮಾಡಿರುತ್ತಾರೆ. ನೀವು ಒಂದು ವೋಟಿನಿಂದ ಮುಂದಿದ್ದರೂ ಅಷ್ಟೇ, ಹತ್ತು ಪಟ್ಟು ಮುಂದಿದ್ದರೂ ಅಷ್ಟೇ. ಜಾಸ್ತಿ ಬಂದ ವೋಟೆಲ್ಲ ನೀರಿಗೆ ಹಾಕಿದ ಹಾಗೆ. ಸಂಸತ್ತಿನಲ್ಲೂ ಪ್ರಶ್ನೆ ಎದ್ದಿತು. ಶನೆಲ್ ಮೇಲೆ ಎಂಥೆಂಥ ಬೈಗುಳ ಬಂತು ಅಂದರೆ ಪಾಪ ಆಕೆ ಟ್ವಿಟರ್ ಖಾತೆಯನ್ನೇ ಮುಚ್ಚಿದರು.

ಆಮೇಲೆ ಅದೇ ಶನೆಲ್ ಟ್ಯೂರಿನ್‌ನಲ್ಲಿ 459 ಅಂಕ ತಂದು ಮೂರನೇ ಸ್ಥಾನ. 1995ರ ಮೇಲೆ ಸ್ಪೇನಿಗೆ ಬಂದ ಅತ್ಯುತ್ತಮ ಸ್ಥಾನ. ಬೈದವರೆಲ್ಲ ವಿಮಾನ ನಿಲ್ದಾಣಕ್ಕೆ ಹಾರ ತಗೊಂಡು ಓಡಿದ ಹಾಗೆ ಆಯಿತು.


ಹ್ಯಾಂಬರ್ಗಿನ_ಹುಬ್ಬಳ್ಳಿಯವ

ಅಕ್ಕಾರ, ಹಾಗಾದರೆ ಯೋತೆಬೊರಿ ಅಣ್ಣನ ಎಂಟು ಗುಂಪಿನ ಲೆಕ್ಕದಲ್ಲೂ ಅದೇ ಕಥೆ ಅಲ್ಲವಾ? ಒಂದು ಗುಂಪಿನಲ್ಲಿ ಎಷ್ಟೇ ಜನ ಒತ್ತಲಿ, ಮೊದಲಿಗೆ ಬರುವುದು 12 ಅಷ್ಟೇ.


ಯೋತೆಬೊರಿ_ಕನ್ನಡಿಗ

ಸರಿಯಾಗಿ ಹಿಡಿದಿರಿ. ಅದು ಬೇಕಂತಲೇ ಮಾಡಿದ್ದು. ಮೊದಲು ಎಲ್ಲ ವೋಟನ್ನೂ ಒಂದೇ ರಾಶಿಗೆ ಹಾಕುತ್ತಿದ್ದರು. ಮೊಬೈಲ್ ಹಿಡಿದು ಕೂತ ಮಕ್ಕಳ ಹೃದಯಗಳು ಅಜ್ಜ ಅಜ್ಜಿಯರ ವೋಟನ್ನು ಮುಳುಗಿಸಿಬಿಡುತ್ತಿದ್ದವು. ಈಗ ಮೂರು ವರ್ಷದವರಿಂದ ಮುದುಕರವರೆಗೆ ಎಲ್ಲರಿಗೂ ಒಂದಿಷ್ಟು ಹಿಡಿಸಿದ ಹಾಡೇ ಮುಂದೆ ಬರುವುದು. ಒಂದು ಗುಂಪಿನ ಹುಚ್ಚು ಸಾಲದು. ಯೂರೋವಿಷನ್ನಿನಲ್ಲೂ ಹಾಗೇ ಅಲ್ವಾ, ಲಿಥುವೇನಿಯಾದವರಿಗೂ ಹಿಡಿಸಬೇಕು, ಮಾಲ್ಟಾದವರಿಗೂ ಹಿಡಿಸಬೇಕು.

ಆದರೆ ಇದರ ಇನ್ನೊಂದು ಮುಖವೂ ಇದೆ. ಎಲ್ಲರಿಗೂ ಹಿಡಿಸಬೇಕು ಅಂತ ಹೊರಟರೆ ಎಲ್ಲ ಹಾಡೂ ಒಂದೇ ಥರ ಆಗುತ್ತವೆ. ವರ್ಷಕ್ಕೆ ಎರಡು ಸಾವಿರಕ್ಕೂ ಮೇಲೆ ಹಾಡು ಬಂದು ಬೀಳುತ್ತವೆ, ಕೊನೆಗೆ ಉಳಿದ ಮೂವತ್ತರಲ್ಲಿ ನೋಡಿದರೆ ಅವೇ ಹತ್ತು ಹದಿನೈದು ಹಾಡು ಬರೆಯುವವರ ಹೆಸರು. ಬೇರೆ ದೇಶಗಳಿಗೂ ಇವರೇ ಬರೆದುಕೊಡುತ್ತಾರೆ. 2011ರಲ್ಲಿ ಅಜರ್‌ಬೈಜಾನ್ ಗೆದ್ದ ಹಾಡಿನಲ್ಲಿ ಸ್ವೀಡನ್ನಿನವರ ಕೈ ಇತ್ತು. ಕೆಲವು ವರ್ಷ ಮೆಲ್ಲೊ ನೋಡುವಾಗ ದರ್ಶಿನಿ ಹೋಟೆಲಿನ ಸಾಂಬಾರ್ ತಿಂದ ಹಾಗೆ ಅನಿಸುತ್ತದೆ. ಕೆಟ್ಟದ್ದಲ್ಲ, ಯಾವ ಊರಿನದು ಅಂತ ಗೊತ್ತಾಗುವುದಿಲ್ಲ. ಕಾಯ್ ಬಂದಾಗ ಜನ ಹಾಗೆ ಮುಗಿಬಿದ್ದದ್ದು ಅದಕ್ಕೇ ಅಂತ ನನ್ನ ಅನಿಸಿಕೆ.


ರೀಡಿಂಗ್_ರಾಯರು

ಉಕ್ರೇನಿನದು ಯಾರೂ ಹೇಳಲಿಲ್ಲವಲ್ಲ. ಅಲ್ಲಿ ಆರಿಸಿದ ಮೇಲೆ ಅಸಲಿ ಪರೀಕ್ಷೆ. 2019ರಲ್ಲಿ ಮರೂವ್ ಗೆದ್ದರು. ರಷ್ಯಾದಲ್ಲಿ ಕಾರ್ಯಕ್ರಮ ಕೊಡಬಾರದು ಅಂತೆಲ್ಲ ಇದ್ದ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಎರಡನೆಯವರನ್ನು ಕೇಳಿದರು, ಒಲ್ಲೆ. ಮೂರನೆಯವರು, ಒಲ್ಲೆ. ಆ ವರ್ಷ ದೇಶವೇ ಹೋಗಲಿಲ್ಲ. 2022ರಲ್ಲಿ ಗೆದ್ದವರು ಹಿಂದೆ ರಷ್ಯಾ ಹಿಡಿದುಕೊಂಡಿರುವ ಕ್ರೈಮಿಯಾಕ್ಕೆ ಹೋಗಿಬಂದದ್ದರ ಮೇಲೆ ಗಲಾಟೆ ಎದ್ದು ಹಿಂದೆ ಸರಿದರು, ಎರಡನೇ ಸ್ಥಾನದ ಕಲುಷ್ ಆರ್ಕೆಸ್ಟ್ರಾ ಹೋಯಿತು. ಅಷ್ಟರಲ್ಲಿ ಯುದ್ಧ ಶುರು. ಅವರೇ ಗೆದ್ದರು, ನಮ್ಮ ಸ್ಯಾಮ್ ಎರಡನೇ ಸ್ಥಾನಕ್ಕೆ ನಿಂತದ್ದು ಅವರ ಹಿಂದೆಯೇ. ಆ ವರ್ಷದ ಡಿಸೆಂಬರ್‌ನಲ್ಲಿ ಮುಂದಿನ ಆಯ್ಕೆಯನ್ನು ಕೀವ್‌ನ ಮೆಟ್ರೋ ನಿಲ್ದಾಣದಲ್ಲಿ, ನೆಲದಡಿಯಲ್ಲಿ ಮಾಡಿದರು. ಬಾಂಬಿನ ಭಯ. ಆದರೂ ಆಯ್ಕೆ ನಿಲ್ಲಿಸಲಿಲ್ಲ, ಟೀವಿಯವರೇ ಒಬ್ಬರನ್ನು ಹೆಸರಿಸಿ ಕಳಿಸಬಹುದಿತ್ತು.


ಮೆಲ್ಬರ್ನ್_ಮಂಡ್ಯ

ಇದಕ್ಕೆ ಏನು ಹೇಳುವುದು. ಸುಮ್ಮನಾದೆ.


ತಾಳ_ತಪ್ಪಿದವ

ಮಲೆನಾಡಿನವರೇ, ನೀವು ಹೇಳಿದ ಪೋರ್ಚುಗಲ್ ಹುಡುಗನ ಹಾಡು ಕೇಳಿದೆ. ಮೂರು ಸಲ. ಕೈ ಆಡಿಸುವುದು ಸ್ವಲ್ಪ ಜಾಸ್ತಿ, ನಮ್ಮ ಕಡೆಯ ಕೆಲವು ವಿದ್ವಾಂಸರ ಹಾಗೆ. ದನಿ ಚೆನ್ನಾಗಿದೆ. ಮೂರು ನಿಮಿಷ ಸಾಲದು ಅಂದಿದ್ದೆ, ಆ ಮಾತು ವಾಪಸ್ ತಗೊಳ್ಳುವುದಿಲ್ಲ, ಆದರೆ ಅವನಿಗೆ ಸಾಕಾಗಿದೆ.


ಯೋತೆಬೊರಿ_ಕನ್ನಡಿಗ

ನಾನು ಅವರ ಹೆಂಡತಿ. ಲಾಗಿನ್ ಅವರದ್ದೇ, ಅವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ.

ಮೇಲೆ ಎಲ್ಲ ಓದಿದೆ. ನನ್ನನ್ನು ತಜ್ಞರ ಪಕ್ಷ ಅಂತ ಮಾಡಿಬಿಟ್ಟಿದ್ದಾರೆ, ನಾನು ಹೇಳಿದ್ದು ಅಷ್ಟೇ ಅಲ್ಲ. ಮೋನ್ಸ್ ಚೆನ್ನಾಗಿ ಹಾಡಿದ, ಅವನು ಹೋಗಬೇಕಿತ್ತು ಅಂದೆ. ಅದು ನನ್ನ ಇಷ್ಟ. ಈಗಲೂ ಅದೇ ಹೇಳುತ್ತೇನೆ. ನನ್ನ ವಯಸ್ಸಿನ ಗುಂಪಿನಲ್ಲಿ ನನ್ನ ಐದು ಹೃದಯ ಅವನಿಗೇ ಒತ್ತಿದ್ದೆ, ಇವರು ಯಾರಿಗೆ ಒತ್ತಿದರು ಅಂತ ಕೇಳಿ. ಒತ್ತಲೇ ಇಲ್ಲ. ಸೋಫಾ ಮೇಲೆ ಗೊರಕೆ.

ಗಡಿನಾಡಿನ ತಮ್ಮಾ, ನಿನ್ನ ಮಾತನ್ನು ಮಗಳಿಗೆ ಓದಿ ಹೇಳಿದೆ. ಕಾಸರಗೋಡು ಎಲ್ಲಿದೆ ಅಂತ ಮ್ಯಾಪಿನಲ್ಲಿ ತೋರಿಸಬೇಕಾಯಿತು. ನನ್ನ ತವರು ತೀರ್ಥಹಳ್ಳಿ ಹತ್ತಿರ. ಸೌನಾ ಅಂದರೆ ಏನು ಅಂತ ಕಳೆದ ವರ್ಷ ಅಜ್ಜಿ ಫೋನಿನಲ್ಲಿ ಕೇಳಿದಾಗ, ನಮ್ಮ ಬಚ್ಚಲುಮನೆಯ ಹಾಗೇ ಅಜ್ಜಿ, ಹಂಡೆ ಒಂದು ಇಲ್ಲ ಅಂತ ಇವಳೇ ವಿವರಿಸಿದ್ದಳು. ಹಾಗಾಗಿ ಆ ಹಾಡು ಅವಳಿಗೆ ಯಾಕೆ ಅಷ್ಟು ಇಷ್ಟ ಅಂತ ನನಗೂ ಗೊತ್ತು.

ಮುಂದಿನ ಫೆಬ್ರವರಿಯಲ್ಲಿ ಮೆಲ್ಲೊ ನಮ್ಮೂರಿಗೆ ಮತ್ತೆ ಬಂದರೆ ಮಧ್ಯಾಹ್ನದ ರಿಹರ್ಸಲ್‌ಗೆ ಟಿಕೆಟ್ ತೆಗೆಯುವುದು ಅಂತ ತೀರ್ಮಾನ ಆಗಿದೆ. ಇಲ್ಲಿನವರು ಗೆನ್‌ರೆಪ್ ಅನ್ನುತ್ತಾರೆ, ರಾತ್ರಿಯ ಆಟಕ್ಕಿಂತ ಅಗ್ಗ, ಮಕ್ಕಳೇ ಜಾಸ್ತಿ. ಮೂರು ಟಿಕೆಟ್. ಇವರು ಅಲ್ಲೂ ನಿದ್ದೆ ಮಾಡಿದರೆ ಎಬ್ಬಿಸುವುದಿಲ್ಲ.


ಮಲೆನಾಡು_ಮಳೆ

ತೀರ್ಥಹಳ್ಳಿ ಹತ್ತಿರ ಅಂದರೆ ಎಲ್ಲಿ?? ನಮ್ಮದು ಆಗುಂಬೆ ರಸ್ತೆ. ಮೆಸೇಜ್ ಮಾಡಿದ್ದೇನೆ ನೋಡಿ.